ಹಸಿರು ಖಣದ ತೇಪೆ

ನನ್ನ ಚಡ್ಡಿ ಹರಿದದ್ದು ಮೈಸೂರು ರಸ್ತೆಯಲ್ಲಿ, ನಾಯಂಡಹಳ್ಳಿ ದಾಟಿ ಸ್ವಲ್ಪ ಮುಂದೆ, ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದಿದ್ದ ಹೊತ್ತಿನಲ್ಲಿ. ಹರಿದದ್ದು ಎಂದರೆ ಹೊಲಿಗೆ ಒಂದಿಷ್ಟು ಬಿಟ್ಟದ್ದಲ್ಲ. ಸೈಕಲ್ ಹ್ಯಾಂಡಲ್ಲಿನ ಕೆಳಗಿನ ಬಾಗು ಹಿಡಿಯಲು ಬಗ್ಗಿದೆ ನೋಡಿ, ಹಿಂಭಾಗ ಪರ್ರನೆ ಸದ್ದು ಮಾಡಿ ಸೊಂಟದ ಪಟ್ಟಿಯಿಂದ ಕೆಳಗಿನವರೆಗೆ ಬಾಯಿ ಬಿಟ್ಟಿತು. ಹುಲ್ಲಿನ ಗಾಡಿಯವನೊಬ್ಬ ಎತ್ತು ನಿಲ್ಲಿಸಿಕೊಂಡು ನೋಡಿದ. ನನ್ನ ಬೆನ್ನಿಗೇ ಬರುತ್ತಿದ್ದ ಗೆಳೆಯ ಸೈಕಲ್ಲಿನಿಂದ ಇಳಿದು, ರಸ್ತೆ ಬದಿಯ ಮರ ಹಿಡಿದುಕೊಂಡು ನಗತೊಡಗಿದ.

ಅವನ ಊರು ಅತ್ತಿಗುಪ್ಪೆ. ಆಗ ಅದು ಊರೇ. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ವಿಜಯನಗರದ ಸೈಟುಗಳು ಒಂದು ಕಡೆಯಿಂದ ಅದನ್ನು ಮುತ್ತಿಕೊಳ್ಳುತ್ತಿದ್ದರೂ ಅವನ ಮನೆಯ ಹಿತ್ತಲಲ್ಲಿ ಇನ್ನೂ ಎಮ್ಮೆಗಳಿದ್ದವು, ಸೊಪ್ಪಿನ ಮಡಿಗಳಿದ್ದವು. ದಿನಾ ಹಾಲು ಕರೆದು ಮನೆಮನೆಗೆ ಹಾಕಿ ಬರುತ್ತಿದ್ದ ಅವನ ಮೈಯಲ್ಲಿ ಕೊಬ್ಬು ಎಂಬುದೇ ಇರಲಿಲ್ಲ. ಹಿಂದಿನ ವರ್ಷ ಕಾಲೇಜಿನ ಸೈಕಲ್ ತಂಡದಲ್ಲಿ ನಾವಿಬ್ಬರೂ ಇದ್ದೆವು. ಆ ವರ್ಷವೂ ಇರಬೇಕೆಂದು ಅಂದು ಮೊದಲ ದಿನದ ಅಭ್ಯಾಸಕ್ಕೆ ಹೊರಟಿದ್ದೆವು.

"ಏನ್ ಗುರು ಇದು?" ಎಂದ ಉಸಿರು ಸಿಕ್ಕ ಮೇಲೆ. "ಹೆತ್ತಿದ್ದು ನಿಮ್ಮಕ್ಕ ತಾನೇ? ಬಾಣಂತನ ನಿಂಗ್ಯಾಕ್ ಮಾಡಿದ್ರು?"

"ಬಾಯ್ ಮುಚ್ಚೋ" ಎಂದೆ.

ಬಾಯಿ ಮುಚ್ಚುವ ಜಾತಿಯವನಲ್ಲ ಅವನು. ನಾನು ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡು, ಬನಿಯನ್ನಿನಲ್ಲೇ ರಾಜಾಜಿನಗರದ ದಾರಿ ಹಿಡಿದೆ. ಕಾಮಾಕ್ಷಿಪಾಳ್ಯದ ಹತ್ತಿರ ಕಾರ್ಖಾನೆಗಳಿಗೆ ಹೋಗುವ ಹೆಂಗಸರು ಗುಂಪುಗುಂಪಾಗಿ ಎದುರು ಬರುತ್ತಿದ್ದರು. ಒಬ್ಬಳು ಇನ್ನೊಬ್ಬಳಿಗೆ ಏನೋ ಹೇಳಿದಳು, ಇಡೀ ಗುಂಪು ನಕ್ಕಿತು. ನನ್ನ ವಿಷಯವೇ ಆಗಿರಬೇಕೆಂದೇನಿಲ್ಲ. ಆದರೆ ಹರಿದ ಚಡ್ಡಿಯ ಮೇಲೆ ಕೂತವನಿಗೆ ಜಗತ್ತಿನಲ್ಲಿ ಬೇರೆ ವಿಷಯವೇ ಇರುವುದಿಲ್ಲ.

ಗೆಳೆಯ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ನಾವು ಹಾವೇರಿ ಕಡೆಯವರು. ಅಪ್ಪನಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ, ವರ್ಗವಾಗಿ ಬೆಂಗಳೂರಿಗೆ ಬಂದು ರಾಜಾಜಿನಗರದಲ್ಲಿ ಮನೆ ಮಾಡಿದ್ದರು. ಆ ಆಷಾಢದಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಗಂಡುಮಗು ಹೆತ್ತಳು. ನಮ್ಮ ಕಡೆ ಬಾಣಂತಿಗೆ ಐದು ತಿಂಗಳು ಆರೈಕೆ ಮಾಡಿ, ಉಡಿ ತುಂಬಿ ಗಂಡನ ಮನೆಗೆ ಕಳಿಸುತ್ತಾರೆ. ಆರೈಕೆಯಲ್ಲಿ ಮುಖ್ಯವಾದದ್ದು ಅಂಟಿನುಂಡೆ. ತುಪ್ಪದಲ್ಲಿ ಹುರಿದು ಅರಳಿಸಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಒಂದು ಉಂಡೆ ತಿಂದರೆ ಮಧ್ಯಾಹ್ನದವರೆಗೆ ಹಸಿವು ಸುಳಿಯದು. ಅವ್ವ ಅದನ್ನು ದೊಡ್ಡ ತಗಡಿನ ಡಬ್ಬಿಯ ತುಂಬ ಕಟ್ಟಿ ಅಕ್ಕನ ಮಂಚದ ಕೆಳಗೆ ಇಟ್ಟಿದ್ದಳು.

ಅಕ್ಕನಿಗೆ ಸಿಹಿ ಎಂದರೆ ಮೊದಲಿನಿಂದ ಅಷ್ಟಕ್ಕಷ್ಟೆ. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಕೆಂಡದ ಹೊಗೆಯಲ್ಲಿ ಕೂತಿದ್ದವಳಿಗೆ ತುಪ್ಪದ ವಾಸನೆಯೇ ಆಗುತ್ತಿರಲಿಲ್ಲ. ಅವ್ವ ಅತ್ತ ಹೋದ ಕೂಡಲೇ ಉಂಡೆ ನನ್ನ ಕೈಗೆ ಬರುತ್ತಿತ್ತು. "ತಿನ್ನೋ, ಪುಣ್ಯಾ ಬರ್ತೈತಿ. ಅವ್ವಗ ಹೇಳಬ್ಯಾಡ." ಪುಣ್ಯದ ಕೆಲಸಕ್ಕೆ ನಾನು ಎಂದೂ ಹಿಂದೆ ಬಿದ್ದವನಲ್ಲ. ಡಬ್ಬಿ ಬರಿದಾಗುವುದು ಕಂಡು ಅವ್ವನಿಗೆ ಎಲ್ಲಿಲ್ಲದ ಹಿಗ್ಗು, ಮತ್ತೆ ಅಂಟು ಹುರಿಯಲು ಕೂರುತ್ತಿದ್ದಳು. ಹೊರಗೆ ಮಳೆ, ಸೈಕಲ್ಲು ಗೋಡೆಗೆ ಒರಗಿತ್ತು, ಚಕ್ರದ ಗಾಳಿ ಇಳಿದಿತ್ತು. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ನಮ್ಮಿಬ್ಬರನ್ನೂ ಒಮ್ಮೆ ನೋಡಿ, "ಹಡದಾಕಿ ಬಡವಾಗ್ಯಾಳ. ಇವ ಬಾಣಂತಿ ಆಗ್ಯಾನ" ಎಂದರು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಆಗ ಅದು ನಗುವ ಮಾತಾಗಿತ್ತು.

ಚಡ್ಡಿ ಹರಿದ ಮರುದಿನವೇ ಕಾಲೇಜಿನಲ್ಲಿ ನನ್ನ ಹೆಸರು ಬಾಣಂತಿ ಎಂದಾಯಿತು. ಕ್ಯಾಂಟೀನಿನಲ್ಲಿ ಟೀ ಹೇಳಿದರೆ, "ಬಾಣಂತಿಗೆ ಟೀ ನಂಜು ಕಣ್ರೋ, ಬಿಸಿನೀರು ಕೊಡ್ರೋ" ಎಂದು ಯಾರೋ ಕೂಗುತ್ತಿದ್ದರು. ಹುಡುಗಿಯರ ಬೆಂಚಿನ ಕಡೆಯಿಂದ ಕಿಸಕ್ಕೆಂದು ನಗು. ಬೈದರೆ ಹೆಸರು ಗಟ್ಟಿಯಾಗುತ್ತದೆ, ಸುಮ್ಮನಿದ್ದರೆ ಒಪ್ಪಿಕೊಂಡಂತಾಗುತ್ತದೆ. ನಾನು ಬೈದೆ. ಹೆಸರು ಗಟ್ಟಿಯಾಯಿತು.

ಹರಿದ ಚಡ್ಡಿಯನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿ, ಯಾರಿಗೂ ತೋರಿಸಲಿಲ್ಲ. ಅಪ್ಪನ ಹಳೆಯ ಪೈಜಾಮದ ಕಾಲು ಮಡಚಿ, ದಾರ ಕಟ್ಟಿಕೊಂಡು ಅಭ್ಯಾಸ ಶುರು ಮಾಡಿದೆ. ಗಣೇಶನ ಹಬ್ಬ ಆಗ ತಾನೇ ಮುಗಿದಿತ್ತು. ತಂಡದ ಆಯ್ಕೆ ದೀಪಾವಳಿಯ ನಂತರ. ಅದು ನನಗೆ ಕೊನೆಯ ವರ್ಷ. ಆ ಸಲ ತಂಡ ಸೇರದಿದ್ದರೆ ಇನ್ನು ಸೇರುವ ಮಾತೇ ಇರಲಿಲ್ಲ. ಡಿಗ್ರಿ ಮುಗಿದ ಮೇಲೆ ಯಾವುದಾದರೂ ಆಫೀಸು. ಆಮೇಲೆ ಸೈಕಲ್ಲೆಂದರೆ ಟಿಫನ್ ಕ್ಯಾರಿಯರ್ ನೇತುಹಾಕಿಕೊಂಡು ಹೋಗುವ ಗಾಡಿ ಅಷ್ಟೆ. ತಂಡಕ್ಕೆ ಬೇಕಾದವರು ನಾಲ್ವರು. ಅತ್ತಿಗುಪ್ಪೆಯ ಗೆಳೆಯನೂ ಇನ್ನಿಬ್ಬರೂ ಇರುವುದು ಖಂಡಿತ ಎಂದು ಎಲ್ಲರಿಗೂ ಗೊತ್ತಿತ್ತು. ಉಳಿದ ಒಂದು ಜಾಗಕ್ಕೆ ನಾನು, ಇಲ್ಲವೇ ವಿಜಯನಗರದ ಒಬ್ಬ ಬಿ.ಕಾಂ. ಹುಡುಗ. ಹಿಂದಿನ ವರ್ಷ ಅವನು ನನ್ನ ಧೂಳು ಕುಡಿದವನು. ಈಗ ಕಾರಿಡಾರಿನಲ್ಲಿ ಎದುರಾದರೆ, "ಹುಷಾರಾಗಿದೀರಾ? ಮಗು ಆರೋಗ್ಯಾನಾ?" ಎಂದು ಬಹುವಚನದಲ್ಲಿ ವಿಚಾರಿಸುತ್ತಿದ್ದ.

ಬೆಳಗ್ಗೆ ನನ್ನನ್ನು ಎಬ್ಬಿಸುತ್ತಿದ್ದದ್ದು ಮಗು. ಅದು ಹಾಲಿಗೆ ಅತ್ತರೆ ಅಕ್ಕ ಏಳುತ್ತಿದ್ದಳು. ಅಕ್ಕ ಎದ್ದ ಮೇಲೆ ಬೇರೆ ಯಾರೂ ಮಲಗಿರಬಾರದೆಂಬುದು ಅವಳ ನಿಯಮ. "ಏಳೋ, ನಿನ್ನ ಅಳಿಯ ಎದ್ದಾನ. ಕೆಂಗೇರಿ ಕಾಯಾಕತ್ತೈತಿ" ಎಂದು ನಡುಮನೆಯಲ್ಲಿ ಮಲಗಿದ್ದ ನನ್ನ ಕಡೆಗೆ ದಿಂಬು ಎಸೆಯುತ್ತಿದ್ದಳು. ಮಾಗಡಿ ರಸ್ತೆ ಇಳಿದು, ವಿಜಯನಗರ ದಾಟಿ, ಅತ್ತಿಗುಪ್ಪೆಯಲ್ಲಿ ಗೆಳೆಯನನ್ನು ಕರೆದುಕೊಂಡು ಮೈಸೂರು ರಸ್ತೆಗೆ ಬೀಳುವಷ್ಟರಲ್ಲಿ ಮೊದಮೊದಲು ನನ್ನ ಕತೆ ಮುಗಿದಿರುತ್ತಿತ್ತು. ಕೆಂಗೇರಿಯ ಏರು ಬಂತೆಂದರೆ ಎದೆ ಕಿತ್ತು ಬಾಯಿಗೆ ಬರುತ್ತಿತ್ತು. ತರಕಾರಿ ಬುಟ್ಟಿ ಕಟ್ಟಿಕೊಂಡು ಪೇಟೆಗೆ ಹೋಗುವ ಮುದುಕನೊಬ್ಬ ಗಂಟೆ ಬಾರಿಸಿ ನನ್ನನ್ನು ದಾಟಿ ಹೋದ. ರೇಸ್ ಸೈಕಲ್ಲಿನ ಮೇಲೆ ಕೂತು ಬದನೆಕಾಯಿಯ ಹಿಂದೆ ಬಿದ್ದೆ. ನಾಚಿಕೆಯಾಗದೆ ಇನ್ನೇನಾದೀತು? ಮನೆಗೆ ಬಂದು ಅಕ್ಕನ ಕೈಯ ಉಂಡೆಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡು ದಿನ ನೋಡಲಿಲ್ಲ. ಮೂರನೆಯ ದಿನ ಅರ್ಧ ತಿಂದೆ.

ಆದರೂ ಮೈ ಇಳಿಯಿತು. ನವರಾತ್ರಿಯ ಹೊತ್ತಿಗೆ ಕೆಂಗೇರಿಯ ಏರಿನಲ್ಲಿ ಮಾತಾಡುತ್ತ ಹತ್ತುವಷ್ಟಾದೆ. ಗೆಳೆಯನೇ, "ಪರವಾಗಿಲ್ಲ ಗುರು, ಬಾಣಂತಿ ಎದ್ದು ಓಡಾಡ್ತಾವ್ಳೆ" ಎಂದ. ಅವನ ಬಾಯಲ್ಲಿ ಅದು ಹೊಗಳಿಕೆ. ಹೊಟ್ಟೆ ಕರಗಿತ್ತು, ತೊಡೆ ಮಾತ್ರ ಕರಗಲಿಲ್ಲ. ತುಳಿದು ತುಳಿದು ಇನ್ನೂ ದಪ್ಪವಾಗಿತ್ತು.

ಆಯ್ಕೆಗೆ ಎರಡು ದಿನ ಇರುವಾಗ ವ್ಯಾಯಾಮದ ಮೇಷ್ಟ್ರು ಎಲ್ಲರನ್ನೂ ಕರೆದು, ಹಿಂದಿನ ವರ್ಷ ಕಾಲೇಜು ಕೊಟ್ಟ ಕಪ್ಪು ಚಡ್ಡಿ, ಬಿಳಿ ಬನಿಯನ್ನು ಹಾಕಿಕೊಂಡು ಬರಬೇಕು, ಹೊಸದು ಆಯ್ಕೆಯಾದವರಿಗೆ ಮಾತ್ರ ಎಂದರು. ನನ್ನ ಕಡೆ ತಿರುಗಿ, "ಪೈಜಾಮ ಗಿಜಾಮ ಎಲ್ಲ ನಡಿಯಲ್ಲ ಕಣಯ್ಯ. ಮದ್ವೆ ಮನೆ ಅಲ್ಲ ಅದು" ಎಂದು ಸೇರಿಸಿದರು.

ಟ್ರಂಕಿನ ತಳದಿಂದ ಚಡ್ಡಿ ತೆಗೆದು ಅವ್ವನ ಮುಂದೆ ಹಿಡಿದೆ. ಅವಳು ಅದನ್ನು ಬೆಳಕಿಗೆ ಎತ್ತಿ ನೋಡಿದಳು. ಹರಿದ ಜಾಗದಿಂದ ಕಿಟಕಿಯೇ ಕಾಣುತ್ತಿತ್ತು.

"ಯಪ್ಪಾ! ಹುಲಿ ಬೆನ್ನ ಹತ್ತಿತ್ತೇನೋ ನಿನಗ?"

"ಹೊಲೀತೀಯೋ ಇಲ್ವೋ ಹೇಳವ್ವಾ."

"ಹೊಲೀತೀನಿ. ಬರೇ ಹೊಲದ್ರ ಮತ್ತ ಹರೀತೈತಿ. ನಡುವ ಬಟ್ಟಿ ಕೊಡಬೇಕು. ತೊಡಿ ಹತ್ರಾನೂ ಬಿಗಿ ಐತಿ ಹೌದಿಲ್ಲೋ? ಅಂಚು ಕತ್ತರಿಸಿ ತಗೀತೀನಿ. ನೀ ಹೋಗು."

ಮಧ್ಯಾಹ್ನವಿಡೀ ಕೈ ಮಿಷನ್ನಿನ ಸದ್ದು ಕೇಳುತ್ತಿತ್ತು. ಸಂಜೆ ಕೊಟ್ಟಳು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಎಲ್ಲ ಕಪ್ಪೇ. ಹಿಂದೆ ಕೈಯಾಡಿಸಿದರೆ ಒಂದು ಮಡಿಕೆ ಸಿಕ್ಕಿತು, ಅಷ್ಟೆ. ಬಗ್ಗಿ ನೋಡಿದೆ, ಬಿಗಿಯಲಿಲ್ಲ. ಬಗ್ಗಿದವನಿಗೆ ತನ್ನ ಹಿಂಭಾಗ ಕಾಣುವುದಿಲ್ಲವೆಂಬುದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ. ಅಕ್ಕ ಮಗುವಿನ ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡು, "ಚಂದ ಐತಿ, ಹೋಗ ಹೋಗ" ಎಂದಳು. ಅವಳು ಯಾವಾಗಲೂ ನಗುವವಳು, ನಾನು ಲಕ್ಷ್ಯ ಕೊಡಲಿಲ್ಲ.

ಕೆಂಗೇರಿಯಿಂದ ಹೊರಟು ಬಿಡದಿ ಮುಟ್ಟಿ, ಮರಳಿ ಕೆಂಗೇರಿಗೆ ಬರಬೇಕು. ಮೊದಲು ಬಂದ ನಾಲ್ವರು ತಂಡಕ್ಕೆ. ಮಂಜು ಇನ್ನೂ ಹರಿದಿರಲಿಲ್ಲ. ಹತ್ತು ಹನ್ನೆರಡು ಹುಡುಗರು ಸೈಕಲ್ಲು ಹಿಡಿದು ರಸ್ತೆ ಬದಿಯಲ್ಲಿ ನಿಂತಿದ್ದೆವು. ಮೇಷ್ಟ್ರು ಸ್ಕೂಟರಿನ ಮೇಲೆ ಕೂತು, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಸೀಟಿ ಒರೆಸುತ್ತಿದ್ದರು. ಅವರು ಹಿಂದೆಯೇ ಬರುತ್ತಾರೆ, ಯಾರು ಹೇಗೆ ತುಳಿಯುತ್ತಾರೆಂದು ನೋಡಲು. ನಾನು ಚಕ್ರಕ್ಕೆ ಇನ್ನಷ್ಟು ಗಾಳಿ ಹೊಡೆಯಲು ಬಗ್ಗಿದೆ. ಗೆಳೆಯ ತಟ್ಟನೆ ನನ್ನ ಹಿಂದೆ ಬಂದು, ತನ್ನ ಸೈಕಲ್ಲನ್ನು ಅಡ್ಡ ಹಿಡಿದು ನಿಂತ.

"ಗುರು, ನೆಟ್ಟಗೆ ನಿಂತ್ಕೊ" ಎಂದ ಮೆಲ್ಲಗೆ. ಅವನು ಮೆಲ್ಲಗೆ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. "ಹಿಂದೆ ಹಸಿರು ಕಾಣ್ತಾ ಐತೆ. ಕೆಂಪಂಚು ಬೇರೆ. ನಿಮ್ಮನೆ ಹೆಂಗಸ್ರು ರವಿಕೆ ಬಟ್ಟೆ ಇದ್ದಂಗೈತೆ."

ಕೈ ಹಿಂದೆ ಹೋಯಿತು. ನಿಂತಾಗ ಮುಚ್ಚಿಕೊಳ್ಳುವ ಮಡಿಕೆ, ಬಗ್ಗಿದರೆ ಬೀಸಣಿಗೆಯಂತೆ ತೆರೆದುಕೊಳ್ಳುತ್ತಿತ್ತು. ಬೆರಳಿಗೆ ಸಿಕ್ಕ ನೇಯ್ಗೆಯಿಂದಲೇ ಅದೇನೆಂದು ತಿಳಿಯಿತು. ಖಣ. ಗುಳೇದಗುಡ್ಡದ ಹಸಿರು ಖಣ. ಬಸುರಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡುವಾಗ ಉಡಿಗೆ ಹಾಕುವ ರವಿಕೆ ಬಟ್ಟೆ. ಬಾಣಂತಿ ಎಂದು ಕರೆಸಿಕೊಂಡು ಕರೆಸಿಕೊಂಡು ಸಾಕಾಗಿದ್ದವನ ಕುಂಡಿಯ ಮೇಲೆ ಅವ್ವ ಕುಬಸದ ಖಣ ಹೊಲಿದು ಕಳಿಸಿದ್ದಳು. ಒಂದು ಸಲ ಯಾರಾದರೂ ನೋಡಿದರೆಂದರೆ ಮುಗಿಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ, ಇನ್ನು ಖಣಕ್ಕೆ ಹೋದದ್ದು ಬರುತ್ತದೆಯೇ? ಅಲ್ಲಿಂದಲೇ ಮನೆಗೆ ಓಡಿಹೋಗೋಣವೆನ್ನಿಸಿತು. ಅಷ್ಟರಲ್ಲಿ ಸೀಟಿ ಊದಿದರು.

ಹೋಗುವಾಗ ತೊಂದರೆಯಾಗಲಿಲ್ಲ. ಎಲ್ಲರ ಹಿಂದೆ ಉಳಿದೆ. ಮೇಷ್ಟ್ರು ಸ್ಕೂಟರು ಶುರುವಾಗದೆ ಕೆಂಗೇರಿಯಲ್ಲೇ ಒದ್ದಾಡುತ್ತಿದ್ದರು. ಗುಂಪಿನ ಮರೆಯಲ್ಲಿ ತುಳಿದರೆ ಗಾಳಿಯೂ ಹೊಡೆಯುವುದಿಲ್ಲ, ಕಾಲಿಗೆ ಅರ್ಧ ಕೆಲಸ. ಬುದ್ಧಿವಂತನಂತೆ ಶಕ್ತಿ ಉಳಿಸಿಕೊಳ್ಳುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ಬಿಡದಿಯಲ್ಲಿ ತಿರುಗುವಾಗ ಕಾಲು ಎಷ್ಟು ಹಗುರವಾಗಿತ್ತೆಂದರೆ, ಹಿಂದಿನ ವರ್ಷ ಕೂಡ ಹಾಗಿರಲಿಲ್ಲ. ಎರಡು ತಿಂಗಳ ಬೆವರು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ತೊಡೆಯಲ್ಲಿ ಕೂತಿತ್ತು.

ಮರಳುವಾಗ ಗುಂಪು ಒಡೆಯಿತು. ಗೆಳೆಯನೂ ಇನ್ನಿಬ್ಬರೂ ಮುಂದೆ ಹೋದರು. ಅವರ ಹಿಂದೆ ಬಿ.ಕಾಂ. ಹುಡುಗ, ಅವನ ಹಿಂದೆ ನಾನು. ಉಳಿದವರೆಲ್ಲ ಎಷ್ಟೋ ದೂರ. ಕುಂಬಳಗೋಡಿನ ಹತ್ತಿರ ಅವನಿಗೆ ಉಸಿರು ಕಟ್ಟತೊಡಗಿದ್ದು ನನಗೆ ಕೇಳಿಸುತ್ತಿತ್ತು. ಭುಜ ಆಡಿಸುತ್ತಿದ್ದ. ಇನ್ನೇನು, ಬಗ್ಗಿ ಹತ್ತು ಸಲ ತುಳಿದರೆ ಅವನು ನನ್ನ ಹಿಂದೆ. ಬಗ್ಗಲು ಕೈ ಕೆಳಗೆ ಇಳಿಸಿದೆ. ಆಗಲೇ ಹಿಂದಿನಿಂದ, ದಾರಿಯಲ್ಲಿ ನಮಗೆ ಎದುರಾಗಿ ತಿರುಗಿಸಿಕೊಂಡು ಬಂದ ಸ್ಕೂಟರಿನ ಸದ್ದು ಬಂತು. ಮೇಷ್ಟ್ರು. ಹಿಂದಿನ ಸೀಟಿನಲ್ಲಿ ಕಾಲೇಜಿನ ಯಾರೋ ಇಬ್ಬರು ಹುಡುಗರನ್ನು ಬೇರೆ ಏರಿಸಿಕೊಂಡಿದ್ದರು.

ನೆಟ್ಟಗೆ ಕೂತೆ.

ಬೆನ್ನು ನೆಟ್ಟಗೆ, ಎದೆ ಮುಂದೆ, ಕೈ ಹ್ಯಾಂಡಲ್ಲಿನ ಮೇಲ್ಗಡೆ. ಕೆಂಗೇರಿಯಿಂದ ಬೀಸುವ ಗಾಳಿ ಅಷ್ಟೂ ಎದೆಗೆ ಹೊಡೆಯುತ್ತಿತ್ತು. ಹಾಗೆ ಕೂತೇ ತುಳಿದೆ. ಹಾಗೆ ಕೂತೇ ಅವನ ಪಕ್ಕಕ್ಕೆ ಬಂದೆ, ಅಷ್ಟಿತ್ತು ಕಾಲಿನಲ್ಲಿ! ಅವನು ಅಡ್ಡ ತಿರುಗಿ ನನ್ನನ್ನು ನೋಡಿದ, ಅವನ ಕಣ್ಣಿನಲ್ಲಿ ಹೆದರಿಕೆ ಕಂಡೆ. ಕೆಂಗೇರಿಯ ಮೊದಲ ಮನೆಗಳು ಕಾಣುತ್ತಿದ್ದವು. ಮುಂದೆ ತಲುಪಿ ಇಳಿದು ನಿಂತಿದ್ದ ಗೆಳೆಯ ಕೈ ಬೀಸುತ್ತ, "ಬಗ್ಗೋ! ಬಗ್ಗೋ ಮಗಾ! ಹಾಳಾಗೋಗ್ಲಿ, ಬಗ್ಗೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಸ್ಕೂಟರು ನನ್ನ ಬೆನ್ನಿಗೇ ಇತ್ತು. ಅದರ ಹಿಂದಿನ ಸೀಟಿನ ಹುಡುಗರಲ್ಲಿ ಒಬ್ಬ, "ಬಾಣಂತೀ, ಕಮಾನ್!" ಎಂದು ಕೂಗಿದ.

ಆ ಒಂದು ಕೂಗು ಸಾಕಾಯಿತು. ಬಗ್ಗಲಿಲ್ಲ. ಬಗ್ಗಲು ಆಗಲಿಲ್ಲ. ಬಿ.ಕಾಂ. ಹುಡುಗ ತಲೆ ತಗ್ಗಿಸಿ, ಮೊಣಕೈ ಮಡಚಿ, ಉಳಿದದ್ದನ್ನೆಲ್ಲ ಒಟ್ಟು ಮಾಡಿ ತುಳಿದ. ಒಂದು ಚಕ್ರದಷ್ಟು ಮುಂದೆ ಹೋದ.

ಮೇಷ್ಟ್ರು ಸ್ಕೂಟರು ನಿಲ್ಲಿಸಿ ನನ್ನ ಹತ್ತಿರ ಬಂದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಅರ್ಥವಾಗಿರಲಿಲ್ಲ. "ಏನಯ್ಯ ಇದು? ಪೋಸ್ಟ್‌ಮ್ಯಾನ್ ಥರ ಕೂತ್ಕೊಂಡು ಬಂದ್ಯಲ್ಲ! ಕಾಲಲ್ಲಿ ದಮ್ಮಿತ್ತು, ನಾನ್ ನೋಡ್ದೆ. ಯಾಕ್ ಬಗ್ಗಲಿಲ್ಲ?"

ಸೈಕಲ್ಲಿನ ಸೀಟಿಗೆ ಬೆನ್ನು ಒತ್ತಿ ನಿಂತುಕೊಂಡು, "ಸೊಂಟ ನೋವು ಸಾರ್" ಎಂದೆ.

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಎಂಥ ಮಾತಾಡಿದೆನೆಂದು. ಎಲ್ಲರೂ ಕೆಂಗೇರಿಯ ಅಂಗಡಿಯವರು ಹೊರಗೆ ಬಂದು ನೋಡುವಷ್ಟು ನಕ್ಕರು. ಬಾಣಂತಿಗೆ ಸೊಂಟ ನೋವಂತೆ! ಬಿ.ಕಾಂ. ಹುಡುಗ ನೆಲದ ಮೇಲೆ ಕೂತು, ಏದುಸಿರು ಬಿಡುತ್ತ ನಕ್ಕ. ಮೇಷ್ಟ್ರು, "ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ" ಎಂದು ಹೇಳಿ ಅವನ ಬೆನ್ನು ತಟ್ಟಲು ಹೋದರು. ನಗದವನು ಗೆಳೆಯನೊಬ್ಬನೇ. ಅವನು ನನ್ನ ಹಿಂದೆ ಬಂದು ನಿಂತು ಮನೆಯವರೆಗೂ ಹಾಗೆಯೇ ನನ್ನ ಹಿಂದೆಯೇ ಸೈಕಲ್ಲು ತುಳಿದ. ಅತ್ತಿಗುಪ್ಪೆ ಬಂದರೂ ತಿರುಗಲಿಲ್ಲ. ರಾಜಾಜಿನಗರದ ನಮ್ಮ ಬೀದಿಯ ತುದಿಯಲ್ಲಿ, "ಯಾರೂ ನೋಡ್ಲಿಲ್ಲ ಬಿಡು" ಎಂದು ಹೇಳಿ ಹೊರಟುಹೋದ. ಯಾರೂ ನೋಡಲಿಲ್ಲ. ಅಷ್ಟಕ್ಕೇ ನನ್ನ ಕೊನೆಯ ವರ್ಷ ಮುಗಿಯಿತು.

ಅವ್ವ ಬಾಗಿಲಲ್ಲೇ ನಿಂತಿದ್ದಳು. ಗೆದ್ದೆಯೋ ಸೋತೆಯೋ ಎಂದು ಕೇಳಲಿಲ್ಲ. "ಹೊಲಿಗಿ ಬಿಡಲಿಲ್ಲ ಹೌದಿಲ್ಲೋ?" ಎಂದಳು.

"ಬಿಡ್ಲಿಲ್ಲ."

"ಮುಂಜಾನಿಂದ ಅದ ಚಿಂತಿ ನೋಡಪಾ. ನಾಕ ಮಂದಿಯೊಳಗ ಮತ್ತ ಹರದು ನನ್ನ ಮಗಂದು ಮಾನ ಹೋದೀತು ಅಂತ ಬಾಯಾಗ ನೀರ ಹಾಕಿಲ್ಲ." ಚಡ್ಡಿ ಬಿಚ್ಚಿಸಿಕೊಂಡು, ಕಿಟಕಿಗೆ ಹಿಡಿದು, ಒಂದೊಂದೇ ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದಳು. ಒಂದೂ ಬಿಟ್ಟಿರಲಿಲ್ಲ. ಅವಳ ಮುಖ ಅರಳಿತು. ಆಯ್ಕೆ ಆಗಲಿಲ್ಲವೆಂದಾಗ ಆ ಮುಖದಲ್ಲೇ, "ಹೋಗ್ಲಿ ಬಿಡು, ಹೊಟ್ಟಿ ಹಸದಿರಬೇಕು" ಎಂದು ರೊಟ್ಟಿ ಬಡಿಯಲು ಹೋದಳು.

ಅಕ್ಕನ ಕೋಣೆಗೆ ನುಗ್ಗಿ ಅವಳ ಮೇಲೆ ಹರಿಹಾಯ್ದೆ. ಮನೆಯಲ್ಲಿ ಬೇರೆ ಬಟ್ಟೆಯೇ ಇರಲಿಲ್ಲವೇ, ನಿನ್ನ ಕುಬಸದ ಖಣವೇ ಬೇಕಾಗಿತ್ತೇ, ಗೊತ್ತಿದ್ದೂ ನಕ್ಕು ಕಳಿಸಿದೆಯಲ್ಲ ಎಂದೆ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಅಂದು ಮಾತ್ರ ನಗಲಿಲ್ಲ.

"ಅದು ನಂದಲ್ಲೋ, ಅವ್ವಂದು" ಎಂದಳು. "ನನ್ನ ಕುಬಸದಾಗ ನಮ್ಮತ್ತಿ ಅವ್ವಗ ಉಡಿಗೆ ಹಾಕಿದ್ದು. ನನ್ನ ಕಳಸೋ ದಿನಾ ಕುಪ್ಪಸಾ ಮಾಡಿ ತೊಡಬೇಕಂತ ಮಡಚಿ ಇಟ್ಟಿದ್ಲು. ಹಳೇ ಬಟ್ಟಿ ಹಚ್ಚವ್ವಾ ಅಂದೆ. ಹಳೇದು ಬಗ್ಗಿದಾಗ ಜೀವ ಬಿಡ್ತೈತಿ, ಖಣ ಬಿಡೂದಿಲ್ಲ ಅಂದ್ಲು."

ಮುಂದೆ ಬೈಯಲು ನನಗೆ ಯಾರೂ ಉಳಿಯಲಿಲ್ಲ. ಹೊರಗೆ ಬಂದು ಸೈಕಲ್ಲು ಒರೆಸುತ್ತ ಕೂತೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸರಿಯೇ. ಆದರೆ ಹೆಗ್ಗಣಕ್ಕೆ ಅದು ಗೊತ್ತಾದಾಗ ಹೇಗಿರುತ್ತದೆಂದು ಗಾದೆ ಮಾಡಿದವರು ಯೋಚಿಸಿರಲಿಕ್ಕಿಲ್ಲ.

ಕಾರ್ತಿಕದ ಕೊನೆಗೆ ಬೀಗರು ಬಂದರು, ಅಕ್ಕನನ್ನೂ ಮಗುವನ್ನೂ ಕರೆದುಕೊಂಡು ಹೋಗಲು. ಅಕ್ಕನ ಅತ್ತೆ, ಅವರ ಕಡೆಯ ನಾಲ್ಕಾರು ಹೆಂಗಸರು, ನಮ್ಮ ಬೀದಿಯವರು, ಎಲ್ಲ ಸೇರಿ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತಿಗುಪ್ಪೆಯ ಗೆಳೆಯ ಹಾಲು ಕೊಡಲು ಬಂದವನು ಊಟ ಮಾಡಿಕೊಂಡು ಹೋಗು ಎಂದು ಅವ್ವ ಹೇಳಿದ್ದರಿಂದ ಬಾಗಿಲ ಹತ್ತಿರ ನಿಂತಿದ್ದ. ಅಕ್ಕ ಮಣೆಯ ಮೇಲೆ ಕೂತಿದ್ದಳು. ಮಗುವನ್ನು ಎತ್ತಿಕೊಂಡು ಅವಳ ಪಕ್ಕ ನಿಲ್ಲಬೇಕಾದವನು ಸೋದರಮಾವ, ಅಂದರೆ ನಾನು. ಎರಡೂ ಕೈಯಲ್ಲಿ ಅಳಿಯನನ್ನು ಹಿಡಿದು ನಿಂತಿದ್ದೆ.

ಅವ್ವ ಇಳಕಲ್ ಸೀರೆ ಉಟ್ಟಿದ್ದಳು. ಮೈಮೇಲೆ ಅದೇ ಹಸಿರು ಖಣದ ಕುಪ್ಪಸ. ಉಡಿ ತುಂಬಿದ್ದಾಯಿತು. ಆರತಿ ಎತ್ತಲು ತಟ್ಟೆ ಹಿಡಿದು ಎರಡೂ ತೋಳು ಮೇಲೆತ್ತಿದಳು. ಎತ್ತಿದಾಗ ಕಂಕುಳಿನ ಕೆಳಗೆ, ಹಸಿರಿನ ನಡುವೆ, ಅಂಗೈಯಗಲ ಕಪ್ಪು ಬಟ್ಟೆ ಕಂಡಿತು. ನನ್ನ ಚಡ್ಡಿಗೆ ಕತ್ತರಿಸಿಕೊಂಡದ್ದರಿಂದ ಖಣ ಸಾಲದೆ ಬಂದಿತ್ತು. ಚಡ್ಡಿಯಿಂದ ತೆಗೆದ ಅಂಚನ್ನು ಅಲ್ಲಿಗೆ ಹೊಲಿದಿದ್ದಳು. ಕೈ ಇಳಿಸವ್ವಾ, ಕೈ ಇಳಿಸು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಕ್ಕನ ಅತ್ತೆಯ ಕಣ್ಣು ಅಲ್ಲಿಗೇ ಹೋಯಿತು. "ಇದೇನ್ರೀ ಬೀಗತಿ! ಶುಭದ ದಿನಾ, ಹಸರು ಖಣದಾಗ ಕರೀ ತೇಪಿ?"

ಅವ್ವ ಕೈ ಇಳಿಸಲಿಲ್ಲ. ತಾನೇ ಒಮ್ಮೆ ಬಗ್ಗಿ ಆ ತೇಪೆಯನ್ನು ನೋಡಿಕೊಂಡು ಗೊಳ್ಳೆಂದು ನಕ್ಕಳು.

"ನಮ್ಮ ಹುಡುಗಂದು ರೇಸಿನ ಚಡ್ಡೀದರೀ. ನನ್ನ ಖಣಾ ಅವನ ಚಡ್ಡಿಗೆ ಹಚ್ಚೇನಿ, ಅವನ ಚಡ್ಡಿ ನನ್ನ ಕುಪ್ಪಸಕ್ಕ ಹಚ್ಚೇನಿ. ಬಿಡದಿ ತನಕಾ ಹೊಡಕೊಂಡು ಹೋಗಿ ಬಂದಾನ್ರೀ ನನ್ನ ಮಗ. ಒಂದ ಹೊಲಿಗಿ ಬಿಟ್ಟಿಲ್ಲ!"

ಹೇಳುತ್ತ ಆರತಿಯನ್ನು ಇನ್ನೂ ಮೇಲಕ್ಕೆತ್ತಿದಳು, ತೇಪೆ ಎಲ್ಲರಿಗೂ ಕಾಣುವ ಹಾಗೆ. ನಡುಮನೆಯಲ್ಲಿದ್ದ ಅಷ್ಟೂ ಜನ ನಗುತ್ತ ನನ್ನ ಕಡೆ ತಿರುಗಿದರು. ಬಾಗಿಲ ಹತ್ತಿರ ಗೆಳೆಯ ಮಾತ್ರ ನೆಲ ನೋಡುತ್ತಿದ್ದ. ಅಳಿಯ ನನ್ನ ತೋಳಿನಲ್ಲಿ ಕಾಲು ಬಡಿಯುತ್ತಿದ್ದ. ಮುಖ ಮುಚ್ಚಿಕೊಳ್ಳೋಣವೆಂದರೆ ನನಗೆ ಕೈ ಬಿಡುವಿರಲಿಲ್ಲ.